ಎಡಗೈಯ ಕಾಯಕ

ಹಾರ್ಮೋನಿಯಂ ಎಂಬುದು ನಮ್ಮ ಉತ್ತರ ಕರ್ನಾಟಕದ ಕಡೆ ಪುಸ್ತಕದ ಹೆಸರು. ಜನರ ಬಾಯಲ್ಲಿ ಅದು ಪೇಟಿ. ಮಠದ ಪುರಾಣ, ಊರ ಭಜನೆ, ನಾಟಕ ಕಂಪನಿಯ ರಂಗ, ಶ್ರಾವಣ ಮಾಸದ ಪ್ರವಚನ, ಇವಾವುವೂ ಪೇಟಿಯಿಲ್ಲದೆ ನಡೆದುದನ್ನು ನಮ್ಮ ತಲೆಮಾರಿನವರು ಕಂಡಿಲ್ಲ. ಇಷ್ಟು ಬಳಕೆಯ ವಾದ್ಯವಾದರೂ ಅದನ್ನು ನುಡಿಸುವವರತ್ತ ನೋಡುವಾಗ ನಮ್ಮ ಕಣ್ಣು ಹೋಗುವುದು ಅವರ ಬಲಗೈಯ ಮೇಲೆ. ಕಪ್ಪು ಬಿಳುಪು ಪಟ್ಟಿಗಳ ಮೇಲೆ ಬೆರಳುಗಳು ಓಡಾಡುವ ಸೊಗಸನ್ನು ಕಂಡು ತಲೆದೂಗುತ್ತೇವೆ. ಪೆಟ್ಟಿಗೆಯ ಹಿಂದೆ ಮರೆಯಾಗಿ ಗಾಳಿ ಹಾಕುತ್ತಿರುವ ಎಡಗೈಯನ್ನು ಯಾರೂ ಗಮನಿಸುವುದಿಲ್ಲ. ಅರವತ್ತರ ವಯಸ್ಸಿನಲ್ಲಿ ಪೇಟಿಯ ಮುಂದೆ ವಿದ್ಯಾರ್ಥಿನಿಯಾಗಿ ಕುಳಿತ ನನಗೆ, ಹೆಚ್ಚಿನ ಪಾಠ ಹೇಳಿದ್ದು ಆ ಎಡಗೈಯೇ. ಅದನ್ನು ಈ ಪತ್ರಿಕೆಯ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪೇಟಿ ನಮ್ಮ ನೆಲದಲ್ಲಿ ಹುಟ್ಟಿದ ವಾದ್ಯವಲ್ಲ. ಪ್ಯಾರಿಸ್ ನಗರದ ಅಲೆಕ್ಸಾಂಡರ್ ಡೆಬೇ ಎಂಬಾತ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ಗಾಳಿ ತುಂಬಿ, ಎರಡೂ ಕೈಗಳಿಂದ ನುಡಿಸುವ ದೊಡ್ಡ ಪೆಟ್ಟಿಗೆ. ಪಾದ್ರಿಗಳ ಹಾಗೂ ಯುರೋಪಿಯನ್ ಅಧಿಕಾರಿಗಳ ಜೊತೆಗೆ ಅದು ನಮ್ಮ ದೇಶಕ್ಕೆ ಬಂದಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ಅದರ ಕಾಲುಗಳನ್ನು ತೆಗೆದು, ತಿದಿಯನ್ನು ಬೆನ್ನಿಗೆ ಕಟ್ಟಿ, ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಹೀಗೆ ಪರದೇಶದ ವಾದ್ಯ ನಮ್ಮ ಜಮಖಾನೆಯ ಮೇಲೆ ಇಳಿದು ಕುಳಿತಿತು. ಎರಡು ಕೈಗಳಿಗೂ ಸ್ವರದ ಕೆಲಸವಿದ್ದ ವಾದ್ಯದಲ್ಲಿ ಎಡಗೈ ಸ್ವರವನ್ನು ಬಿಟ್ಟು ಉಸಿರಿನ ಕೆಲಸ ವಹಿಸಿಕೊಂಡದ್ದು ಆಗಲೇ.

ಇನ್ನು ನಾನು ಪೇಟಿಯ ಮುಂದೆ ಕುಳಿತ ಕಾರಣವನ್ನು ಹೇಳಬೇಕು. ನಮ್ಮ ಮನೆಯಲ್ಲಿ ಸಂಜೆಯ ಲಿಂಗಪೂಜೆಯಾದ ಬಳಿಕ ಎರಡು ವಚನಗಳನ್ನು ಹಾಡುವ ಪರಿಪಾಠ ಮದುವೆಯಾದಂದಿನಿಂದ ನಡೆದುಬಂದಿತ್ತು. ಹಾಡುವವರು ನಮ್ಮ ಯಜಮಾನರು. ಪೇಟಿಯೂ ಅವರದೇ. ಶಾಲೆಯ ಮಾಸ್ತರಿಕೆ ಮಾಡುತ್ತಲೇ ಬಿಡುವಿನಲ್ಲಿ ಕಲಿತವರು. ದೊಡ್ಡ ಗಾಯಕರೇನೂ ಅಲ್ಲ. ಆದರೆ ಅವರ ಕಂಠದಲ್ಲಿ ವಚನದ ಮಾತು ತಿಳಿಯಾಗಿ ಕೇಳಿಸುತ್ತಿತ್ತು. ನನ್ನ ಪಾಲಿಗೆ ಇದ್ದದ್ದು ತಾಳದ ಕೆಲಸ. 2021ರಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೆ ಬಂದಿದ್ದ ಅಪಾಯ ಕಳೆಯಿತು. ದನಿ ಮಾತ್ರ ಹೋಯಿತು. ಪಿಸುಮಾತಿಗಿಂತ ಮೇಲೆ ಅವರ ಸ್ವರ ಏಳಲಿಲ್ಲ. ಪೇಟಿಗೆ ಹೊದಿಸಿದ್ದ ಬಟ್ಟೆ ಹೊದಿಸಿದಂತೆಯೇ ಉಳಿಯಿತು.

ಮನೆಯಲ್ಲಿ ಮಾತು ಕಡಿಮೆಯಾದರೆ ಸಹಿಸಬಹುದು. ಪ್ರತಿ ಸಂಜೆ ಒಂದು ನಿಶ್ಚಿತ ಹೊತ್ತಿಗೆ ಕೇಳುತ್ತಿದ್ದ ಹಾಡು ನಿಂತುಹೋದರೆ ಆ ಹೊತ್ತು ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಧ್ವನಿಮುದ್ರಿಕೆಯನ್ನು ಹಾಕಿ ನೋಡಿದೆವು. ಮಲ್ಲಿಕಾರ್ಜುನ ಮನ್ಸೂರರ, ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನಕ್ಕಿಂತ ದೊಡ್ಡದನ್ನು ನಾವು ಬಯಸುವಂತಿರಲಿಲ್ಲ. ಆದರೂ ಅದು ಬೇರೆಯವರ ಮನೆಯ ದೀಪವನ್ನು ಕಿಟಕಿಯಿಂದ ನೋಡಿದ ಹಾಗೆ ಅನ್ನಿಸುತ್ತಿತ್ತು. ಕೊನೆಗೆ 2022ರ ಶ್ರಾವಣದ ಮೊದಲ ಸೋಮವಾರ ನಾನೇ ಬಟ್ಟೆ ಸರಿಸಿ ಪೇಟಿಯನ್ನು ಒರೆಸಿ ಇಟ್ಟೆ. ನೆರೆಮನೆಯ ಹಿರಿಯರೊಬ್ಬರು, “ಈ ವಯಸ್ಸಿನಾಗ ಇದೇನ್ರಿ ಅಕ್ಕಾರ, ಜಪಾ ಮಾಡೂದು ಬಿಟ್ಟು” ಎಂದರು. ನಾನು ನಕ್ಕು ಸುಮ್ಮನಾದೆ.

ಕಲಿಸಲು ಬಂದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಬ್ಬ ಅಂಧ ಗವಾಯಿಗಳು. ಆ ಆಶ್ರಮದ ಹಿರಿಮೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಹೊರಗಣ್ಣಿಲ್ಲದೆಯೇ ನೂರಾರು ಅಂಧ ಹಾಗೂ ಬಡ ಮಕ್ಕಳ ಬಾಳಿಗೆ ಸಂಗೀತದ ಬೆಳಕು ಕೊಟ್ಟ ಪುಣ್ಯಪುರುಷರು. ಪುಟ್ಟರಾಜ ಗವಾಯಿಗಳಿಗೆ ಪೇಟಿ, ತಬಲಾ, ಸಾರಂಗಿ, ಪಿಟೀಲು ಎಲ್ಲವೂ ಒಲಿದಿದ್ದವು. ಆ ಪರಂಪರೆಯಲ್ಲಿ ಕಲಿತವರು ವಾರಕ್ಕೆ ಎರಡು ದಿನ ಮೊಮ್ಮಗನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬರಲು ಒಪ್ಪಿದ್ದು ನನ್ನ ಭಾಗ್ಯ.

ಮೊದಲ ದಿನ ನಾನು ಸ ರಿ ಗ ಮ ಕಲಿಯುವ ಉತ್ಸಾಹದಲ್ಲಿದ್ದೆ. ಅವರು ಒಂದೇ ಒಂದು ಪಟ್ಟಿಯನ್ನು ಒತ್ತಿ ಹಿಡಿಯಲು ಹೇಳಿದರು. ಸ್ವರ ಏಳಬಾರದು, ಬೀಳಬಾರದು, ನಡುಗಬಾರದು. ದೀಪದ ಕುಡಿ ಗಾಳಿಯಿಲ್ಲದ ಕೋಣೆಯಲ್ಲಿ ನಿಂತ ಹಾಗೆ ನಿಲ್ಲಬೇಕು. ಕೇಳಲು ಸುಲಭ. ನನ್ನ ಎಡಗೈ ತಿದಿಯನ್ನು ತಳ್ಳಿದಾಗಲೆಲ್ಲ ಷಡ್ಜ ಒಮ್ಮೆ ಗದರಿ ಮತ್ತೆ ಕುಗ್ಗುತ್ತಿತ್ತು. ಬಲಗೈಯ ಬೆರಳನ್ನು ಸರಿಪಡಿಸಿಕೊಳ್ಳಲು ಹೋದೆ. ಗವಾಯಿಗಳು ನಕ್ಕು ಹೇಳಿದರು: “ತಾಯೀ, ನಿಮ್ಮ ಬಲಗೈ ಎಲ್ಲೈತಿ ಅನ್ನೂದು ನನಗ ಕಾಣಂಗಿಲ್ಲ. ಎಡಗೈ ಹ್ಯಾಂಗ ನಡದೈತಿ ಅನ್ನೂದು ಕೇಳಸ್ತೈತಿ. ಅದನ್ನ ಮೊದಲ ತಣ್ಣಗ ಮಾಡ್ರಿ.”

ಅಂದಿನಿಂದ ಸುಮಾರು ಒಂದು ತಿಂಗಳು ನನ್ನ ಸಾಧನೆಯೆಂದರೆ ಇದೇ: ಒಂದು ಪಟ್ಟಿ, ಒಂದು ಸ್ವರ, ಮೆಲ್ಲನೆಯ ಗಾಳಿ. ಇದರ ಗುಟ್ಟು ತಿಳಿದದ್ದು ಪೇಟಿಯನ್ನು ದುರಸ್ತಿಗೆ ಬಿಚ್ಚಿದ ದಿನ. ನಾವು ಕೈಯಿಂದ ಒತ್ತುವ ಹೊರಗಿನ ತಿದಿ ಗಾಳಿಯನ್ನು ನೇರವಾಗಿ ಸ್ವರಕ್ಕೆ ಕೊಡುವುದಿಲ್ಲ. ಪೆಟ್ಟಿಗೆಯ ಒಳಗೆ ಇನ್ನೊಂದು ತಿದಿ ಅಡಗಿದೆ. ಹೊರಗಿನದು ಗಾಳಿಯನ್ನು ಅದಕ್ಕೆ ತುಂಬುತ್ತದೆ. ಒಳಗಿನ ತಿದಿಯನ್ನು ಸ್ಪ್ರಿಂಗುಗಳು ಒಂದೇ ಸಮನೆ ಅದುಮುತ್ತಿರುತ್ತವೆ. ಹಾಗೆ ಹೊರಟ ಗಾಳಿ, ನಾವು ಪಟ್ಟಿ ಒತ್ತಿ ತೆರೆದ ಕಿಂಡಿಯಲ್ಲಿ ನುಗ್ಗಿ, ಅಲ್ಲಿರುವ ತೆಳುವಾದ ಹಿತ್ತಾಳೆಯ ನಾಲಗೆಯನ್ನು ಕಂಪಿಸುತ್ತದೆ. ಆ ಕಂಪನವೇ ನಾದ. ಉದ್ದನೆಯ ನಾಲಗೆಗೆ ಮಂದ್ರ, ಗಿಡ್ಡ ನಾಲಗೆಗೆ ತಾರ. ಸ್ವರ ನಿಂತುಹೋಗುವ ಹೊತ್ತಿಗೆ ಅವಸರದಿಂದ ತಿದಿ ತಳ್ಳಿದರೆ ನಾದ ಬೆಚ್ಚಿಬೀಳುತ್ತದೆ. ಒಳಗಿನ ತಿದಿ ಖಾಲಿಯಾಗುವ ಮುನ್ನವೇ ಸ್ವಲ್ಪ ಸ್ವಲ್ಪವಾಗಿ ತುಂಬುತ್ತಿದ್ದರೆ ಹೊರಗೆ ಕೇಳುವವರಿಗೆ ಗಾಳಿ ಹಾಕುವುದೇ ತಿಳಿಯುವುದಿಲ್ಲ. ಕಣಜದ ತಳ ಕಾಣುವವರೆಗೆ ಕಾಯದೆ ಕಾಳು ತಂದಿಡುವ ಗೃಹಿಣಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ. ವಿವರಿಸಬೇಕಾಗಿದ್ದದ್ದು ನನ್ನ ಮಣಿಕಟ್ಟಿಗೆ.

ಏಕೆಂದರೆ ನನ್ನ ಕೈಗಳು ರೊಟ್ಟಿ ಬಡಿದ ಕೈಗಳು. ನಾಲ್ಕು ದಶಕ ಜೋಳದ ರೊಟ್ಟಿ ಬಡಿದವಳ ಎರಡು ಕೈಗಳೂ ಒಂದೇ ಲಯಕ್ಕೆ ಒಗ್ಗಿಹೋಗಿರುತ್ತವೆ. ಬಲಗೈ ತಟ್ಟಿದರೆ ಎಡಗೈ ತಾನಾಗಿ ತಿರುಗಿಸುತ್ತದೆ. ಪೇಟಿಯ ರೀತಿ ಬೇರೆ. ಬಲಗೈ ಜಿಗಿಯಲಿ, ನಿಲ್ಲಲಿ, ದ್ರುತದಲ್ಲಿ ಓಡಲಿ. ಎಡಗೈ ತನ್ನ ನಿಧಾನವನ್ನು ಬಿಡಬಾರದು. ಬಲಗೈಗೆ ವೇಗ ಬಂದೊಡನೆ ನನ್ನ ಎಡಗೈಗೂ ಅವಸರ ಬರುತ್ತಿತ್ತು. ಭುಜ ನೋಯುತ್ತಿತ್ತು, ಬೆರಳ ಗೆಣ್ಣುಗಳು ಬೆಳಗಿನ ಹೊತ್ತು ಬಾಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು, ಐದು ನಿಮಿಷ ಬೆರಳುಗಳನ್ನು ಬಿಡಿಸಿಕೊಂಡು, ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರದೆ ಕಲಿತೆ. ಒಂದು ದಿನ ಎರಡು ಗಂಟೆ ಕುಳಿತು ಮೂರು ದಿನ ಬಿಡುವುದಕ್ಕಿಂತ, ದಿನವೂ ಇಪ್ಪತ್ತು ನಿಮಿಷ ತಪ್ಪದೆ ಕೂರುವುದೇ ಮೇಲೆಂಬುದು ಗವಾಯಿಗಳ ಕಟ್ಟಪ್ಪಣೆ.

ಷಡ್ಜ ನಿಂತ ಬಳಿಕ ರಾಗದ ಪಾಠ ತೊಡಗಿತು. ಪೇಟಿಯಲ್ಲಿ ಒಂದು ಸಪ್ತಕಕ್ಕೆ ಬಿಳಿಯ ಪಟ್ಟಿಗಳು ಏಳು, ಕರಿಯವು ಐದು. ಹಾಡುವವರು ತಮ್ಮ ಕಂಠಕ್ಕೆ ಒಪ್ಪುವ ಪಟ್ಟಿಯನ್ನು ಷಡ್ಜವಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಯಜಮಾನರ ಷಡ್ಜ ಕರಿ ಒಂದು. ಬಹುಮಟ್ಟಿಗೆ ಗಂಡಸರ ಕಂಠ ಅದರ ಆಸುಪಾಸಿನಲ್ಲೇ ಇರುತ್ತದೆ. ನನ್ನ ದನಿ ಕರಿ ಮೂರಕ್ಕೆ ಕುಳಿತಿತು. ಇದರಿಂದ ಒಂದು ಅನುಕೂಲವಾಯಿತು. ಭೂಪ ರಾಗಕ್ಕೆ ಸ ರಿ ಗ ಪ ಧ ಎಂಬ ಐದೇ ಸ್ವರಗಳು. ಕರಿ ಮೂರರಿಂದ ಹೊರಟರೆ ಆ ಐದೂ ಕರಿಯ ಪಟ್ಟಿಗಳ ಮೇಲೆಯೇ ಬರುತ್ತವೆ. ಬಿಳಿಯ ಪಟ್ಟಿಗಳನ್ನು ಮುಟ್ಟುವ ಪ್ರಮೇಯವೇ ಇಲ್ಲ. ಕಣ್ಣು ಮುಚ್ಚಿದರೂ ಬೆರಳಿಗೆ ದಾರಿ ತಪ್ಪದು. ಹೊಸದಾಗಿ ಕಲಿಯುವ ಸೋದರಿಯರು ತಮ್ಮ ದನಿ ಒಪ್ಪಿದರೆ ಇಲ್ಲಿಂದಲೇ ಆರಂಭಿಸಬಹುದು. ಭೂಪದ ನಂತರ ದುರ್ಗಾ ಕಲಿತೆ. ಅಲ್ಲಿ ಗಾಂಧಾರದ ಬದಲು ಮಧ್ಯಮ ಬರುವುದರಿಂದ ಒಂದೇ ಒಂದು ಬಿಳಿಯ ಪಟ್ಟಿ ಸೇರಿಕೊಳ್ಳುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು.

ಆ ದಿನಗಳಲ್ಲಿ ನಾನು ಪೇಟಿ ತೆರೆದೊಡನೆ ನಮ್ಮ ಯಜಮಾನರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಕರಿಬೇವಿನ ಗಿಡದ ಬುಡ ಅಗೆಯುವುದೋ, ಹೂವಿಗೆ ನೀರು ಹಾಕುವುದೋ ಅವರಿಗೆ ಆಗಲೇ ನೆನಪಾಗುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ದನಿ ಕಳೆದುಕೊಂಡವರ ಎದುರಿಗೆ ಅವರದೇ ವಾದ್ಯದ ಮೇಲೆ ಎಡವುತ್ತ ಕಲಿಯುವುದು ಅವರಿಗೆ ಸಮಾಧಾನವೋ ಸಂಕಟವೋ ನನಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಸಂಜೆ ಪೇಟಿಯನ್ನು ಮುಚ್ಚಿಬಿಡೋಣವೆನ್ನಿಸಿತು. ಗವಾಯಿಗಳ ಮುಂದೆ ಈ ಮಾತು ತೆಗೆದಾಗ ಅವರು, “ಹಿತ್ತಲದಾಗ ಪೇಟಿ ಕೇಳಸೂದಿಲ್ಲೇನು?” ಎಂದಷ್ಟೇ ಕೇಳಿದರು. ಕೇಳಿಸುತ್ತದೆ ಎಂದೆ. “ಹಂಗಾದರ ನುಡಸ್ರಿ” ಎಂದರು.

ವಚನಕ್ಕೆ ಕೈ ಹಾಕಿದ್ದು ಎಂಟು ತಿಂಗಳ ಮೇಲೆ. ವಚನ ಹಾಡುವುದು ಕೀರ್ತನೆ ಹಾಡಿದಷ್ಟು ಸರಳವಲ್ಲವೆಂಬುದು ಆಗ ಅರಿವಾಯಿತು. ಕೀರ್ತನೆಗೆ ಪಲ್ಲವಿ, ಚರಣ, ಪ್ರಾಸ, ಮಾತ್ರೆಗಳ ಕಟ್ಟು ಇರುತ್ತದೆ. ವಚನ ಮಾತು. ಒಂದು ಸಾಲು ಮೂರು ಪದಕ್ಕೆ ಮುಗಿದರೆ ಮುಂದಿನದು ಹತ್ತು ಪದಕ್ಕೆ ಹರಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ತಾಳ ಹೇಳುವುದಿಲ್ಲ, ಅರ್ಥ ಹೇಳುತ್ತದೆ. ಅರ್ಥ ಮುರಿಯುವಲ್ಲಿ ಉಸಿರು ಮುರಿದರೆ ಶರಣರ ಮಾತು ಕುಂಟುತ್ತದೆ. ಸಾಲಿನ ಉದ್ದವನ್ನು ಮೊದಲೇ ಮನಸ್ಸಿನಲ್ಲಿ ಅಳೆದುಕೊಂಡು, ಅದಕ್ಕೆ ತಕ್ಕಷ್ಟು ಉಸಿರನ್ನು ಎದೆಯಲ್ಲೂ ಗಾಳಿಯನ್ನು ತಿದಿಯಲ್ಲೂ ತುಂಬಿಕೊಂಡೇ ಹೊರಡಬೇಕು. ಅದರಲ್ಲೂ ಕೊನೆಗೆ ಅಂಕಿತ ಬರುವಾಗ! ಕೂಡಲಸಂಗಮದೇವನನ್ನೋ ಚೆನ್ನಮಲ್ಲಿಕಾರ್ಜುನನನ್ನೋ ಕರೆಯುವ ಹೊತ್ತಿಗೆ ಗಾಳಿ ತೀರಿಹೋಗಿದ್ದರೆ ಆ ಕರೆ ಬಾಗಿಲಿಗೂ ಮುಟ್ಟದು. ವಚನಗಳನ್ನು ಬಾಲ್ಯದಿಂದ ಓದಿದ್ದೆ, ಬಾಯಿಪಾಠ ಹೇಳಿದ್ದೆ. ಅವುಗಳ ಒಳಗೆ ಉಸಿರಿನ ನಡಿಗೆಯೊಂದು ಇದೆಯೆಂಬುದು ಎಡಗೈಯಲ್ಲಿ ತಿದಿ ಹಿಡಿದ ಮೇಲೆಯೇ ನನಗೆ ಕೇಳಿಸಿತು.

ಬಸವಣ್ಣನವರು ತಮಗೆ ತಾಳಮಾನದ ಪಾಂಡಿತ್ಯವಿಲ್ಲವೆಂದು ನಿವೇದಿಸಿಕೊಂಡು, ಒಲಿದಂತೆ ಹಾಡುತ್ತೇನೆಂದ ವಚನ ಎಲ್ಲರಿಗೂ ಗೊತ್ತಿರುವುದೇ. ಮತ್ತೊಂದು ವಚನದಲ್ಲಿ ತಮ್ಮ ಕಾಯವನ್ನೇ ವಾದ್ಯವಾಗಿಸಿ ನುಡಿಸೆಂದು ಸಂಗಮನಾಥನಲ್ಲಿ ಮೊರೆಯಿಡುತ್ತಾರೆ. ಮೊದಲಿನದನ್ನು ಹಿಡಿದು, ಕಲಿಯುವ ಶ್ರಮವೇ ಬೇಡವೆಂದು ಹೇಳುವವರಿದ್ದಾರೆ. ನನಗೆ ಎರಡೂ ಒಂದೇ ಮಾತಿನ ಎರಡು ಮುಖಗಳಂತೆ ತೋರುತ್ತವೆ. ನುಡಿಸುವಾತ ಬೇರೆ ಇದ್ದಾನೆ ಎಂದು ನಂಬಿದವರಿಗೆ ಪಾಂಡಿತ್ಯದ ಹಮ್ಮು ಉಳಿಯುವುದಿಲ್ಲ. ಆದರೆ ವಾದ್ಯವನ್ನು ಶ್ರುತಿಗೂಡಿಸಿ ಇಡುವ ಹೊಣೆ ಉಳಿಯುತ್ತದೆ. ದಿನದ ಇಪ್ಪತ್ತು ನಿಮಿಷದ ಸಾಧನೆ ಆ ಹೊಣೆಯ ನಿರ್ವಹಣೆ. ಲಿಂಗಪೂಜೆಯಲ್ಲಿಯೂ ನಾವು ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಇರಿಸಿಕೊಂಡು ಬಲಗೈಯಿಂದ ಅರ್ಚಿಸುತ್ತೇವೆ. ಭಸ್ಮ, ಪತ್ರಿ, ಪುಷ್ಪಗಳನ್ನು ಏರಿಸುವ ಬಲಗೈ ಚಲಿಸುತ್ತದೆ; ಲಿಂಗವನ್ನು ಹೊತ್ತ ಎಡಗೈ ನಿಶ್ಚಲವಾಗಿರುತ್ತದೆ. ಅದು ಅಲುಗಿದರೆ ಅರ್ಚನೆಯೆಲ್ಲಿ? ಪೇಟಿಯ ಮುಂದೆ ಕುಳಿತಾಗಲೆಲ್ಲ ಈ ಸಾಮ್ಯ ನನ್ನ ಮನಸ್ಸಿಗೆ ಬರುತ್ತದೆ.

ಪೇಟಿಗೆ ಮಿತಿಯಿಲ್ಲವೆಂದಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಕಂಠ ಜಾರುವಂತೆ ಪೇಟಿ ಜಾರಲಾರದು. ಅದರ ಸ್ವರಗಳು ಮೆಟ್ಟಿಲುಗಳು, ಇಳಿಜಾರಲ್ಲ. ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳೂ ಅದಕ್ಕೆ ಸಿಗವು. ಈ ಕಾರಣಗಳಿಂದಲೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತ್ತು. ಮೂರು ದಶಕಗಳ ನಂತರ, 1971ರಲ್ಲಿ, ಆ ನಿರ್ಬಂಧ ಸಡಿಲವಾಯಿತು. ಅಷ್ಟೂ ಕಾಲ ನಮ್ಮ ಮಠಗಳಲ್ಲಿ, ಭಜನೆಯ ಕಟ್ಟೆಗಳಲ್ಲಿ ಪೇಟಿ ಎಂದಿನಂತೆ ನುಡಿಯುತ್ತಲೇ ಇತ್ತು. ಗವಾಯಿಗಳು ಈ ಮಿತಿಯನ್ನೇ ಪಾಠವಾಗಿ ಹೇಳಿದರು. ವಚನ ಹಾಡುವಾಗ ಪೇಟಿ ಮುಂದೆ ಓಡಬಾರದು. ಕಂಠದ ಹಿಂದೆ ಒಂದು ಹೆಜ್ಜೆ ತಗ್ಗಿ ನಡೆಯಬೇಕು. ಕರುಣೆಯ ಎಳೆ ಬಂದಲ್ಲಿ ಬೆರಳನ್ನು ಎತ್ತಿ ಷಡ್ಜವೊಂದನ್ನೇ ಹಿಡಿದಿರಬೇಕು. ಜಾರುವ ಕೆಲಸವನ್ನು ಕಂಠ ಮಾಡಿಕೊಳ್ಳುತ್ತದೆ.

ಕಲಿಯತೊಡಗಿ ಒಂದು ವರ್ಷ ದಾಟಿತ್ತು. ಭೂಪದಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಗವಾಯಿಗಳು ಹಾಕಿಕೊಟ್ಟಿದ್ದರು. ಹಾಡಬೇಕು, ಬೆರಳು ನಡೆಸಬೇಕು, ತಿದಿಯನ್ನೂ ನೋಡಿಕೊಳ್ಳಬೇಕು. ಮೂರೂ ಒಟ್ಟಿಗೆ ಕೂಡುತ್ತಿರಲಿಲ್ಲ. ಹಾಡಿನಲ್ಲಿ ಮನಸ್ಸಿಟ್ಟರೆ ಗಾಳಿ ಮರೆಯುತ್ತಿತ್ತು. ಒಂದು ಸಂಜೆ ಪೂಜೆ ಮುಗಿಸಿ ಅದನ್ನೇ ಹಾಡಲು ತೊಡಗಿದೆ. ಎರಡನೆಯ ಸಾಲಿಗೆ ಸ್ವರ ಸೊರಗಿತು. ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿದೆ. ಅದೇ ಜಾಗದಲ್ಲಿ ಮತ್ತೆ ಸೊರಗಿತು. ಹಿತ್ತಲ ಬಾಗಿಲ ಸಪ್ಪಳವಾಯಿತು. ಯಜಮಾನರು ಕೈ ತೊಳೆದುಕೊಂಡು ಒಳಗೆ ಬಂದರು. ಪೇಟಿಯ ಆಚೆ ಬದಿಗೆ, ನನಗೆ ಎದುರಾಗಿ ಕುಳಿತರು. ನನ್ನ ಎಡಗೈಯನ್ನು ಮೆಲ್ಲನೆ ಸರಿಸಿ ತಿದಿಯ ಮೇಲೆ ತಮ್ಮ ಕೈ ಇಟ್ಟರು. ಹಾಡು ಎಂಬಂತೆ ತಲೆಯಾಡಿಸಿದರು.

ಆ ಗಾಳಿಯ ಬಗೆಯೇ ಬೇರೆ. ಮೂವತ್ತೈದು ವರ್ಷಕ್ಕೂ ಮೇಲಾಗಿ ಆ ತಿದಿಯನ್ನು ಬಲ್ಲ ಕೈ ಅದು. ನಾನು ಸಾಲಿನ ಕೊನೆಗೆ ಬರುವ ಮುನ್ನವೇ ಮುಂದಿನ ಸಾಲಿನ ಉಸಿರು ತುಂಬಿರುತ್ತಿತ್ತು. ವಚನ ಅವರಿಗೆ ಬಾಯಿಪಾಠ. ಎಲ್ಲಿ ಮಾತು ಉದ್ದವಾಗುತ್ತದೆ, ಎಲ್ಲಿ ಅಂಕಿತ ಬರುತ್ತದೆ ಎಂಬುದು ಅವರ ಮಣಿಕಟ್ಟಿಗೇ ಗೊತ್ತಿತ್ತು. ಅವರ ತುಟಿಗಳು ಅಲುಗುತ್ತಿದ್ದವು, ದನಿ ಬರುತ್ತಿರಲಿಲ್ಲ. ಚೆನ್ನಮಲ್ಲಿಕಾರ್ಜುನನ ಹೆಸರು ಬಂದಾಗ ಗಾಳಿ ತುಸು ಹೆಚ್ಚಾಯಿತು, ಪೇಟಿ ತುಂಬಿ ನುಡಿಯಿತು. ಹಾಡು ಮುಗಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ ಅವರು ಪಿಸುದನಿಯಲ್ಲಿ, “ನಾಳೆ ಇನ್ನೊಂದು” ಎಂದರು.

ಮರುದಿನದಿಂದ ನಮ್ಮ ಮನೆಯ ಸಂಜೆಯ ಕ್ರಮ ಹೀಗಾಯಿತು: ಗಾಳಿ ಅವರದು, ಬೆರಳು ಮತ್ತು ದನಿ ನನ್ನದು. ಬೆಳಗಿನ ಸಾಧನೆಯಲ್ಲಿ ತಿದಿಯನ್ನು ನಾನೇ ಹಾಕಿಕೊಳ್ಳುತ್ತೇನೆ, ಏಕೆಂದರೆ ಎಡಗೈ ಕಲಿತದ್ದನ್ನು ಬಿಡಬಾರದೆಂದು ಗವಾಯಿಗಳ ತಾಕೀತು. ಸಂಜೆ ಮಾತ್ರ ಅದು ಅವರ ಕಾಯಕ. ಮನೆಗೆ ಬಂದವರು ನನ್ನ ಹಾಡನ್ನು ಹೊಗಳಿ ಹೋಗುತ್ತಾರೆ. ಪೆಟ್ಟಿಗೆಯ ಆಚೆ ಕುಳಿತವರ ಕಡೆ ಯಾರೂ ನೋಡುವುದಿಲ್ಲ. ನನಗೆ ಮುಜುಗರವಾಗಿ ಅವರತ್ತ ಕೈ ತೋರಿದರೆ ಅವರು ನಗುತ್ತಾರೆ. ಗಾಳಿ ಹಾಕುವವರಿಗೆ ಹೆಸರಿನ ಹಂಗಿರುವುದಿಲ್ಲವೆಂಬುದು ಆ ನಗೆಯ ಅರ್ಥವೆಂದು ತಿಳಿದಿದ್ದೇನೆ.

ನಮ್ಮ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಪೇಟಿಗಳು ಎಷ್ಟೋ ಇವೆ. ಅಂಥದೊಂದು ನಿಮ್ಮಲ್ಲಿದ್ದರೆ ಮೊದಲು ತಿಳಿದವರಿಂದ ಒಳಗಿನ ಧೂಳು ತೆಗೆಸಿ, ತಿದಿಯ ಮಡಿಕೆಗಳಲ್ಲಿ ತೂತಿದೆಯೇ ನೋಡಿಸಿ. ಇಲಿ, ಜಿರಲೆ, ಮಳೆಗಾಲದ ತೇವ ಇವು ಮೂರು ಅದರ ಶತ್ರುಗಳು. ನುಡಿಸದೆ ಮುಚ್ಚಿಟ್ಟರೆ ಬೇಗ ಕೆಡುತ್ತದೆ, ದಿನವೂ ಗಾಳಿಯಾಡಿದರೆ ಬಹುಕಾಲ ಬಾಳುತ್ತದೆ. ಕಲಿಯಲು ಬೇಕಾದದ್ದು ಕಿವಿ, ದಿನಕ್ಕೆ ಇಪ್ಪತ್ತು ನಿಮಿಷ, ಮತ್ತು ಮಕ್ಕಳು ಮೊಮ್ಮಕ್ಕಳು ನಕ್ಕರೆ ಜೊತೆಗೆ ನಗುವ ಮನಸ್ಸು. ಒಂದೆರಡು ವಚನ ಕೈಗೂಡಲು ವರ್ಷ ಹಿಡಿದರೂ ಹಿಡಿಯಲಿ. ಅವು ನಿಮ್ಮ ಮನೆಯ ವಚನಗಳಾಗಿ ಉಳಿಯುತ್ತವೆ. ಮತ್ತು ನಿಮ್ಮ ಮನೆಯಲ್ಲಿ ಯಾರಾದರೂ ಹಾಡುವುದನ್ನು ನಿಲ್ಲಿಸಿದ್ದರೆ, ಕಾರಣ ರೋಗವಿರಲಿ ದುಃಖವಿರಲಿ ಮುಪ್ಪಿರಲಿ, ಅವರಿಗೂ ಪೇಟಿಯ ಹತ್ತಿರ ಒಂದು ಜಾಗ ಬಿಟ್ಟಿಡಿ. ಕಂಠ ಇಲ್ಲದಿದ್ದರೂ ಕೈಯಿದೆ; ಕೈಗೆ ಗಾಳಿ ಹಾಕಲು ಬರುತ್ತದೆ.